ಪ್ರಭಾರ

ಕನಮಡಿ ಮಾಸ್ತರು ನಿವೃತ್ತರಾದ ದಿನ
ಕರವಸ್ತ್ರದ ಗಂಟು ಬಿಚ್ಚಿ
ಹನ್ನೊಂದು ಕೀಲಿಕೈ ನನ್ನ ಮುಂದಿಟ್ಟರು.
ಹತ್ತಕ್ಕೆ ಹೆಸರು ಹೇಳಿದರು:
ದೊಡ್ಡ ಬಾಗಿಲು, ಕಪಾಟು, ಅಕ್ಕಿಯ ಕೋಣೆ, ನೀರಿನ ಟಾಕಿ...
ಹನ್ನೊಂದನೆಯದನ್ನು ತಿರುಗಿಸಿ ಮುರುಗಿಸಿ ನೋಡಿ
'ಇದು ನನಗೂ ಹಿಂಗ ಬಂದದ್ದು' ಅಂದರು.

ಜತ್ತದಿಂದ ಬಂದ ಆದೇಶ ಮರಾಠಿಯಲ್ಲಿತ್ತು.
ನನ್ನ ಹೆಸರಿನ ಪಕ್ಕ 'ಪ್ರಭಾರ'.
ಎರಡೂ ಭಾಷೆಗೆ ಅದೊಂದೇ ಶಬ್ದ.
'ಪ್ರ' ಕಾಗದದಲ್ಲೇ ಉಳಿಯಿತು,
ಭಾರ ಸೆರಗಿನ ತುದಿಗೆ ಗಂಟಾಗಿ
ಹೋದಲ್ಲೆಲ್ಲ ಗಿಲಿಗಿಲಿ ಅನ್ನತೊಡಗಿತು.

ಮೊದಲ ತಿಂಗಳು ನಾನು ಕನಮಡಿ ಮಾಸ್ತರೇ ಆಗಿದ್ದೆ.
ಅವರಂತೆ ಕೆಮ್ಮಿಯೇ ವರ್ಗದೊಳಗೆ ಕಾಲಿಡುವುದು,
ಅವರಂತೆ ಕನ್ನಡಕದ ಮೇಲಿಂದ ನೋಡಲು
ಇಲ್ಲದ ಕನ್ನಡಕ ಮೂಗಿನ ತುದಿಗೆ ಜಾರಿಸುವುದು.
ಅವರದೇ ಕುರ್ಚಿ. ಒಂದು ಕಾಲು ಗಿಡ್ಡ,
ಅದರಡಿ ಮಡಚಿಟ್ಟ ಯಾವುದೋ ಕಾಲದ ಸುತ್ತೋಲೆ.
ಕೂತರೆ ನನ್ನ ಪಾದ ನೆಲಕ್ಕೆ ಮುಟ್ಟುವುದಿಲ್ಲ;
ನಾಲ್ಕನೇ ಇಯತ್ತೆಯ ತಸ್ಲೀಮಾ ಬಗ್ಗಿ ನೋಡಿ
ಸುದ್ದಿಯನ್ನು ಉಳಿದವರಿಗೆ ಮುಟ್ಟಿಸಿದಳು.

ಮಾಳಿ ಸರ್ ವಯಸ್ಸಿನಲ್ಲಿ ಆರು ವರ್ಷ ಹಿರಿಯರು,
ಸೇವೆಯ ಯಾದಿಯಲ್ಲಿ ನನಗಿಂತ ಒಂದು ದಿನ ಕಿರಿಯರು.
(ಹಾಜರಾಗಬೇಕಿದ್ದ ದಿನ ಬಸ್ಸು ತಪ್ಪಿತ್ತಂತೆ.)
ನಿನ್ನೆಯ ತನಕ 'ಏ ಮಹಾನಂದಾ' ಎಂದು
ರೊಟ್ಟಿಯ ಅರ್ಧ ಮುರಿದು ಕೊಡುತ್ತಿದ್ದವರು
ಈಗ 'ಮೇಡಂ' ಅನ್ನುತ್ತ
ಇಡೀ ರೊಟ್ಟಿ ತಾವೇ ತಿನ್ನತೊಡಗಿದರು.

ಜೂನಿನಲ್ಲಿ ಪುಸ್ತಕದ ಗಂಟು ಬಂತು.
ಬಿಚ್ಚಿದರೆ ಗಣಿತ, ನಲವತ್ತು ಪ್ರತಿ, ಎಲ್ಲ ಮರಾಠಿ.
ಹುಡುಗರು ನನ್ನ ಮುಖ ನೋಡಿದರು,
ನಾನು ಗೋಡೆಯ ಮೇಲಿನ ನಕಾಶೆ ನೋಡಿದೆ.
ಅದರಲ್ಲಿ ನಮ್ಮೂರಿಲ್ಲ, ಗೆರೆ ಮಾತ್ರ ಇದೆ.
ಕೆಮ್ಮು ಬರಲಿಲ್ಲ.
ಮಾಳಿ ಸರ್ ಹತ್ತಿರ ಹೋಗಿ ಕೇಳಿದೆ:
'ನನಗ ತಿಳೀವಲ್ದು. ನೀವಾಗಿದ್ರ ಏನ್ ಮಾಡ್ತಿದ್ರಿ?'

ಅವರು ಬಹಳ ಹೊತ್ತು ಸುಮ್ಮನಿದ್ದರು.
'ನೀವು ಜತ್ತಕ್ಕ ಪತ್ರಾ ಬರೀರಿ.
ಅಲ್ಲೀ ತನಕಾ ನಾ ಲೆಕ್ಕಾ ಫಳಿಮ್ಯಾಗ ಕನ್ನಡದಾಗ ಇಳಸ್ತೀನಿ.'
ಅಂದು ಮಧ್ಯಾಹ್ನ ಅರ್ಧ ರೊಟ್ಟಿ ಮರಳಿ ಬಂತು,
ಮೇಲೆ ಶೇಂಗಾ ಹಿಂಡಿ.

ಶ್ರಾವಣದ ಒಂದು ಸೋಮವಾರ
ನಾನು ಕೂತ ಬಸ್ಸು ದಾರಿಯಲ್ಲೇ ಕೂತುಬಿಟ್ಟಿತು.
ಹನ್ನೊಂದೂ ಕೀಲಿಕೈ ನನ್ನ ಸೆರಗಿನಲ್ಲಿ.
ಅರವತ್ತು ಮಕ್ಕಳು, ಮುಚ್ಚಿದ ಬಾಗಿಲು,
ಅಳು, ಗದ್ದಲ, ಗೇಟಿನಲ್ಲಿ ನಿಂತ ಪಾಲಕರು:
ಎಲ್ಲವನ್ನೂ ಕಣ್ಣಮುಂದೆ ತಂದುಕೊಂಡು
ಎರಡು ಕಿಲೋಮೀಟರು ನಡೆದೆ, ಅರ್ಧ ಓಡಿದೆ.

ಹೋಗಿ ನೋಡಿದರೆ ಶಾಲೆ ನಡೆದಿತ್ತು.
ಕಟ್ಟೆಯ ಮೇಲೆ ಮಾಳಿ ಸರ್ ಅವರ ಭಾಗಾಕಾರ,
ಯಾರದೋ ಮನೆಯ ಅಕ್ಕಿ ಕಡ ತಂದು
ಸಕ್ಕೂಬಾಯಿ ಬಯಲಲ್ಲೇ ಹೂಡಿದ ಒಲೆ.
ಕೀಲಿ ಬಿದ್ದ ಬಾಗಿಲ ಮೇಲೆ, ಮೇಲಿಂದ ಕೆಳತನಕ,
ತಸ್ಲೀಮಾ ಸೀಮೆಸುಣ್ಣದಲ್ಲಿ ಬರೆದ ಹಾಜರಿ.
(ಡಬ್ಬಿಯ ಸುಣ್ಣ ಯಾಕೆ ಕರಗುತ್ತಿತ್ತೆಂದು ತಿಳಿಯಿತು.
ಕೇಳಲಿಲ್ಲ.)
ಎಲ್ಲರ ಕೆಳಗೆ 'ಬಾಯಾರು' ಎಂದಿತ್ತು,
ಅದರ ಮುಂದೆ ಖಾಲಿ ಜಾಗ.

ಖುಷಿಯಾಯಿತು ಅಂದರೆ ಪೂರ್ತಿ ಸತ್ಯವಲ್ಲ.
ನಾನಿಲ್ಲದೆ ಅನ್ನ ಬೆಂದದ್ದಕ್ಕೆ
ಎಲ್ಲೋ ಒಳಗೆ ಸಣ್ಣ ಮುಳ್ಳು ಮುರಿಯಿತು.

ಬಾಗಿಲು ತೆಗೆದೆ. ಹೆಸರುಗಳು ಎರಡು ಹೋಳಾದವು.
ಶಿಕ್ಷಕರ ಹಾಜರಿ ಪುಸ್ತಕ ಮೇಜಿಗೆ ತಂದು
ಎಲ್ಲರೂ ನೋಡುತ್ತಿರುವಾಗ
ನನ್ನ ಹೆಸರಿನ ಮುಂದೆ ಕೆಂಪು ಪೆನ್ನಿನಲ್ಲಿ
'ತಡ, ಒಂದು ತಾಸು' ಎಂದು ಬರೆದೆ.
'ಬಸ್ಸು ಕೆಟ್ರ ನಿಮ್ಮ ತಪ್ಪೇನ್ರಿ?' ಮಾಳಿ ಸರ್ ಅಂದರು,
ಅಂದವರೇ ಯಾಕೋ ಕಿಟಕಿಯ ಕಡೆ ತಿರುಗಿದರು.

ಮರುದಿನ ಗಂಟು ಬಿಚ್ಚಿದೆ.
ದೊಡ್ಡ ಬಾಗಿಲಿನದು ಮಾಳಿ ಸರ್‌ಗೆ,
ಅಕ್ಕಿಯ ಕೋಣೆ ಸಕ್ಕೂಬಾಯಿಗೆ,
ಸುಣ್ಣದ ಡಬ್ಬಿಯಿರುವ ಕಪಾಟು ತಸ್ಲೀಮಾಗೆ
(ಅವಳ ಕಿವಿ ಕೆಂಪಾದವು),
ಉಳಿದವು ಗೋಡೆಯ ಮೊಳೆಗೆ.

ಹನ್ನೊಂದನೆಯದು ನನ್ನ ಸೆರಗಿನಲ್ಲೇ ಇದೆ.
ಒಂದೇ ಇದ್ದರೆ ಸದ್ದಾಗುವುದಿಲ್ಲ.