ನೂರಾ ತೊಂಬತ್ತೈದು ಮೀಟರು

ಯಾಕೆ ಓಡ್ತೀಯ ಅಂದವರಿಗೆಲ್ಲ
ಸಕ್ಕರೆ ಕಾಯಿಲೆ ಅಂತ ಹೇಳಿಟ್ಟಿದ್ದೇನೆ.
ಸುಳ್ಳು. ಸಕ್ಕರೆ ಇರುವುದು ಮಾಲನ್‌ಬಿಗೆ.
ನನಗಿರುವುದು ಬಲಗಾಲು.
ಇಪ್ಪತ್ತಾರು ವರ್ಷ ಪೆಡಲಿನ ಮೇಲೆ
ಬೆಳಗಿನಿಂದ ದೀಪ ಹಚ್ಚುವ ತನಕ ಓಡಿ
ಕೌಲ್ ಬಜಾರಿನ ಆ ತಗಡಿನ ಶೆಡ್ಡು ಬಿಟ್ಟು
ಒಂದು ಗೇಣೂ ಆಚೆ ಹೋಗದ ಕಾಲು.

ಐದು ಗಂಟೆಗೆ ಸ್ಟೇಡಿಯಂ ಗೇಟಿನಲ್ಲಿ
ಎದೆಗೆ ನಂಬರು ಚುಚ್ಚಿಕೊಳ್ಳುತ್ತ ನಿಂತವರ ನಡುವೆ
ನನ್ನ ಬೆರಳು ಮಾತ್ರ ನೀಲಿ.
ಎಷ್ಟು ತಿಕ್ಕಿದರೂ ಹೋಗದ ಬಣ್ಣ, ನಿಕಾಹ್ ದಿನವೂ ಇತ್ತು.
ನಾಲ್ಕು ಪಿನ್ನು ಕೊಟ್ಟಿದ್ದರು;
ಕೇಳಿದ್ದರೆ ನಾಲ್ಕೂ ಬದಿ ಹೊಲಿದೇ ತರುತ್ತಿದ್ದೆ.
ಪಕ್ಕದಲ್ಲಿ ಡಾಕ್ಟರು, ಬ್ಯಾಂಕಿನವರು, ಒಬ್ಬ ಪಿಎಸ್‌ಐ.
ಅವರ ಬೂಟು ನೋಡಿದ ಮೇಲೆ
ನನ್ನ ಬೂಟು ನೋಡಿಕೊಳ್ಳಲಿಲ್ಲ.

ಮೊದಲ ಹತ್ತು ಕಿಲೋಮೀಟರು ಲೆಕ್ಕಕ್ಕೇ ಇಲ್ಲ,
ಒಳಹೊಲಿಗೆಯ ಹಾಗೆ, ನೋಡದೆ ಹಾಕಬಹುದು.
ಅಲ್ಲೀಪುರ, ಜಾನೆಕುಂಟೆ,
ಅದಿರಿನ ಲಾರಿಗಳನ್ನು ಒಂದು ಬದಿಗೆ ನಿಲ್ಲಿಸಿದ್ದರು.
ಡ್ರೈವರುಗಳು ಹಲ್ಲುಜ್ಜುತ್ತ ನಮ್ಮನ್ನು ನೋಡಿ,
ಅಟ್ಟಿಸಿಕೊಂಡು ಬರುವವರು ಯಾರು ಅಂತ
ನಮ್ಮ ಹಿಂದೆ ನೋಡಿದರು.

ಕುಡಿತಿನಿಯಲ್ಲಿ ಚಿಮಣಿಗಳ ಎದುರಿಗೆ ಒಂದು ಡ್ರಮ್ಮು.
ಅದನ್ನು ಸುತ್ತಿ ವಾಪಸ್ಸು.
ಇಷ್ಟೇ. ಒಂದು ಡ್ರಮ್ಮು ಮುಟ್ಟಲು ಇಷ್ಟು ದೂರ ಬಂದದ್ದು.

ಬಿಸಿಲು ಆಮೇಲೆ ಬಂತು.
ನಮ್ಮೂರಲ್ಲಿ ಅದು ಏರುವುದಿಲ್ಲ,
ಬಾಕಿ ಕೇಳುವವನ ಹಾಗೆ ಎದುರಿಗೆ ಬಂದು ನಿಲ್ಲುತ್ತದೆ.
ಮೂವತ್ತೊಂದಕ್ಕೆ ಮೊಣಕಾಲಲ್ಲಿ ದಾರ ತುಂಡಾಯಿತು.
ಸೂಜಿ ಓಡುತ್ತಿದೆ, ಹೊಲಿಗೆ ಬೀಳುತ್ತಿಲ್ಲ.
ಟೇಲರಿಗೆ ಗೊತ್ತು ಈ ಸದ್ದು:
ಬಟ್ಟೆ ಮುಂದೆ ಸರಿಯುತ್ತದೆ,
ಹಿಂದೆ ಬರೀ ತೂತು ಉಳಿಯುತ್ತದೆ.
ನಡೆದೆ. ಬೇವಿನ ಮರಕ್ಕೆ ಕೈ ಕೊಟ್ಟು ವಾಂತಿ ಮಾಡಿದೆ.
ನೀರು ಕೊಡುವ ಹುಡುಗಿ ‘ಇಂಕ ಕೊಂಚಮೇ ಅಂಕಲ್’ ಅಂದಳು.
ಹನ್ನೊಂದು ಕಿಲೋಮೀಟರಿಗೆ ಕೊಂಚ ಅನ್ನುವುದು
ತೆಲುಗಿನಲ್ಲಿ ಮಾತ್ರ ಸಾಧ್ಯ.
ನಗು ಬಂತು; ನಕ್ಕಿದ್ದಕ್ಕೂ ಪಕ್ಕೆ ಹಿಡಿಯಿತು.

ಊರು ಬಂದಾಗ ತಲೆ ಎತ್ತಲಾಗದೆ
ಬರೀ ಪ್ಯಾಂಟು ನೋಡುತ್ತ ಓಡಿದೆ.
ಚಪ್ಪಾಳೆ ತಟ್ಟುವವರ ಸೊಂಟದ ಕೆಳಗೆ ಎಲ್ಲ ನಮ್ಮೂರ ಮಾಲೇ.
ಇದು ಶೇಕ್ಷಾನ ಕೈ, ಕೆಳಮಡಿಕೆ ಯಾವಾಗಲೂ ಎಡಕ್ಕೆ ಎಳೆಯುತ್ತದೆ.
ಇದು ಪಾಂಡುರಂಗಸಾ ಅವರ ಘಟಕದ್ದು, ಜೇಬಿಗೆ ಹಳದಿ ದಾರ.
ರಾಯಲ್ ಸರ್ಕಲ್ಲಿನಲ್ಲಿ, ಬೆನ್ನು ತಿರುಗಿಸಿ
ಫೋನಿನಲ್ಲಿ ಮುಳುಗಿದ್ದ ಹುಡುಗನ ಹಿಂಜೇಬು
ನನ್ನದು.
ಎಲ್ಲಿದ್ದರೂ ಗುರುತಿಸುತ್ತೇನೆ. ಮೂಲೆಯಲ್ಲಿ
ಒಂದು ಹೊಲಿಗೆ ಹೆಚ್ಚಿಗೆ ಹಾಕುವ ಚಟ ನನಗೆ.
ಯಾರೂ ಕೇಳಿದ್ದಲ್ಲ, ಅದಕ್ಕೆ ಕೂಲಿಯೂ ಇಲ್ಲ.
ಅವನು ತಿರುಗಲಿಲ್ಲ. ನಾನು ನಿಲ್ಲಲಿಲ್ಲ.

ನಲವತ್ತೆರಡರ ಫಲಕ ದಾಟಿದ ಮೇಲೂ ಉಳಿಯುತ್ತದೆ
ನೂರಾ ತೊಂಬತ್ತೈದು ಮೀಟರು.
ಯಾರು ಇಟ್ಟರೋ ಈ ಕೊಸರು.
ಪ್ಯಾಂಟಿಗೆ ಒಂದೂಕಾಲು ಮೀಟರಿನಂತೆ
ನೂರಾ ಐವತ್ತಾರು ಪ್ಯಾಂಟು, ನಮ್ಮ ಶೆಡ್ಡಿನ ಒಂದು ದಿನದ ಮಾಲು.
ಅಷ್ಟು ತಾನೆ, ಅಂದೆ ಬಲಗಾಲಿಗೆ.

ಹನ್ನೊಂದೂವರೆ. ಗಾಳಿ ತೆಗೆದ ಕಮಾನು ಅರ್ಧ ಕುಸಿದಿತ್ತು,
ತಲೆ ಬಗ್ಗಿಸಿ ಒಳಹೊಕ್ಕೆ.
ಮೈಕಿನವನು ಒಗ್ಗರಣೆ ಮಿರ್ಚಿ ತಿನ್ನುತ್ತಿದ್ದವನು
ಬಾಯಿ ಒರೆಸಿಕೊಂಡು ಹೆಸರು ಓದಿದ,
‘ಹೊನ್ನೂರವಲಿ!’
ಖಾಲಿ ಸ್ಟೇಡಿಯಮ್ಮಿಗೆಲ್ಲ ಕೇಳುವ ಹಾಗೆ.

ಮಾಲನ್‌ಬಿ ಮೆಟ್ಟಿಲ ಮೇಲೆ ಚಪ್ಪಲಿ ಬಿಚ್ಚಿ ಕೂತಿದ್ದಳು.
ಪದಕವನ್ನು ಕೈಯಲ್ಲಿ ತೂಗಿ ‘ತಗಡು’ ಅಂದಳು.
ಕೊಡು ಅಂದರೆ ಕೊಡಲಿಲ್ಲ.
ಅವಳ ಕೈಯಲ್ಲಿದ್ದ ಹಾಗೇ ರಿಬ್ಬನ್ನು ತಿರುವಿ ನೋಡಿದೆ.
ಒಂದೇ ಸಾಲು ಹೊಲಿಗೆ, ಕೊನೆಗೆ ಹಿಂದಕ್ಕೆ ಹೊಡೆದೇ ಇಲ್ಲ,
ನಾಲ್ಕು ದಿನದಲ್ಲಿ ಬಿಚ್ಚಿಕೊಳ್ಳುತ್ತದೆ.
ಸೋಮವಾರ ಶೆಡ್ಡಿಗೆ ಒಯ್ಯಬೇಕು,
ಬಲಗಾಲು ಏಳಲು ಒಪ್ಪಿದರೆ.