ಜುಮ್ಮಿನ ಮರದ ಮುಳ್ಳು

ಶಂಕರಘಟ್ಟದ ಲ್ಯಾಬಿನಲ್ಲಿ ಯಂತ್ರ ಗೆರೆ ಎಳೆಯಿತು:
ಒಂದು ಗುಡ್ಡ, ಪಕ್ಕಕ್ಕೊಂದು ದಿಬ್ಬ,
ಸಬಿನೀನ್, ಲಿಮೊನೀನ್.
ನಿಂಬೆಯ ದಾಯಾದಿ ಎಂಬುದಕ್ಕೆ ಇಷ್ಟು ಸಾಕ್ಷಿ.
ಜುಮ್ಮೆನ್ನುವ ಗೆರೆ ಮಾತ್ರ ಎಲ್ಲೂ ಇಲ್ಲ.
ಆವಿಯಾಗದ್ದು ಇದಕ್ಕೆ ಕಾಣಿಸದು, ಎಂದರು ಗೈಡ್.

ಒಂದು ಕಾಯಿ ಬಾಯಿಗೆ ಹಾಕಿಕೊಂಡೆ.
ತುಟಿ ಇನ್ಯಾರದೋ ಆಯಿತು,
ನಾಲಿಗೆ ಮೇಲೆ ಇರುವೆಗಳ ದಿಬ್ಬಣ.

ನಿಟ್ಟೂರಿನಿಂದ ಒಂದು ಗಂಟೆಯ ನಡಿಗೆ.
ದ್ಯಾವಮ್ಮ ಕತ್ತಿಯ ಬೆನ್ನಿನಿಂದ
ಕಾಂಡದ ಮುಳ್ಳು ತಟ್ಟಿ ಉದುರಿಸುತ್ತಿದ್ದಳು.
"ಮೀನಿಗೆ ಕಾಯಿ, ಹಲ್ಲುನೋವಿಗೆ ಚಕ್ಕೆ.
ಮುಳ್ಳು ಬಾಣಂತೀರಿಗೆ."
ಬರೆದುಕೊಳ್ಳುತ್ತಿದ್ದೆ. ಅವಳ ಕಣ್ಣು
ನನ್ನ ರವಿಕೆಯ ಮೇಲೆ ನಿಂತಿತು:
ಎರಡು ಒದ್ದೆ ವೃತ್ತ.

ಮೂರು ತಿಂಗಳ ಕೂಸು ಭದ್ರಾವತಿಯಲ್ಲಿ, ಅತ್ತೆಯ ಮಡಿಲಲ್ಲಿ.
ಎದೆ ಕಲ್ಲಾಗಿ ಎರಡು ದಿನ.
ಯಾರಿಗೂ ಹೇಳಿರಲಿಲ್ಲ, ಗೈಡಿಗಂತೂ.

ಕೇಳದೆಯೇ ತೇಯತೊಡಗಿದಳು,
ಹೊಳೆಕಲ್ಲು, ನಾಲ್ಕು ಹನಿ ನೀರು, ಒಂದೇ ಮುಳ್ಳು.
ಬೂದುಬಣ್ಣದ ಗಂಧ.
"ಎಷ್ಟು ಹಚ್ಚಬೇಕು?"
"ನೋವು ಎಲ್ಲಿವರೆಗಿದ್ಯೋ ಅಲ್ಲಿವರೆಗೆ."
ಎಷ್ಟು ಮಿಲಿಗ್ರಾಂ ಎನ್ನಲು ಬಾಯಿ ಬರಲಿಲ್ಲ.

ಬಸ್ಸು ಹೊಸನಗರ ದಾಟುವಾಗ ಹಾಲು ಇಳಿಯಿತು,
ಸೀರೆ ನೆನೆದು, ಕಿಟಕಿಗೆ ಮುಖ ಮಾಡಿ ಕೂತೆ.
ಮುಳ್ಳಿನಿಂದಲೋ,
ಹಿಂದಿನ ಸೀಟಿನಲ್ಲಿ ಅತ್ತ ಯಾರದೋ ಮಗುವಿನಿಂದಲೋ,
ಹೇಳಲಾರೆ. ಮಾದರಿಗಳ ಸಂಖ್ಯೆ: ಒಂದು.

ಪುಟ ನೂರಾ ಹದಿನಾಲ್ಕರ ಕೋಷ್ಟಕದಲ್ಲಿ
ಕಾಯಿ, ಎಲೆ, ತೊಗಟೆ ತುಂಬಿವೆ.
ಮುಳ್ಳಿನ ಎದುರು ಟೈಪಿಸಿದ್ದೇನೆ: ಪರೀಕ್ಷಿಸಿಲ್ಲ.
ಗೈಡ್ ಸಹಿ ಹಾಕಿದರು.
ನನ್ನ ಪೆನ್ಸಿಲ್ ಡಬ್ಬಿಯಲ್ಲಿ
ತುದಿ ಸವೆದ ಒಂದು ಮುಳ್ಳು
ಇನ್ನೂ ಉರುಳಾಡುತ್ತಿದೆ.