ಕೆರೆದ ಗೆರೆ

ಸುತ್ತೋಲೆ ಬಂತು: ಇನ್ನುಮೇಲೆ
ಬಡಾವಣೆಗೆ ಒಪ್ಪಿಗೆಯ ರುಜು ನಮ್ಮದಲ್ಲ.
ನಮಗುಳಿದದ್ದು ಹೋಗಿ, ನಿಂತು, ನೋಡಿ ಬರುವುದು.
ಸಾಹೇಬರು ಸೀಲನ್ನು ಡ್ರಾಯರಿಗೆ ತಳ್ಳಿ
ಮಂಡ್ಯದಲ್ಲಿ ಕೂತು ಸಕ್ಕರೆಯಿಲ್ಲದ ಕಾಫಿ ಕುಡಿದರು.

ನಾನು ಟ್ರೇಸರ್ ದ್ಯಾವಣ್ಣ.
ಹಳೇ ನಕ್ಷೆಯನ್ನು ಕಿಟಕಿಗೆ ಹಿಡಿದರೆ
ಒಂದು ಕಡೆ ಹಾಳೆ ತೆಳ್ಳಗಾಗಿ, ಬಿಸಿಲು ಅಲ್ಲೇ ನುಗ್ಗಿತು.
ಕೆರೆಗೆ ಹೋಗುತ್ತಿದ್ದ ಕಾಲುವೆ,
ಬ್ಲೇಡಿನಿಂದ ಕೆರೆದದ್ದು.
ಕೆರೆ ಅಂದರು, ಕೆರೆದೆ.
ಕೈ ನನ್ನದೇ.

ಮಧ್ಯಾಹ್ನ ಟೇಪು ಹಿಡಿದು ಏಳನೇ ಕ್ರಾಸಿಗೆ ಹೋದೆ.
ಸಣ್ಣತಾಯಮ್ಮ ಗೋಡೆಯ ನೀರಿನ ಕಲೆಗಳನ್ನು
ಮೊಮ್ಮಗಳ ಎತ್ತರದ ಗುರುತಿನ ಹಾಗೆ ತೋರಿಸಿದಳು:
"ಇದು ಹೋದ್ ವರ್ಸದ್ದು. ಇದು ಅದ್ಕೂ ಮುಂಚಿನ್ದು.
ಎಲ್ಲೋಗಿದ್ದೆ ಕಣಪ್ಪ ಇಷ್ಟ್ ದಿನ?"

ಸಂಜೆ ಸ್ಟೋರಿನಲ್ಲಿ ನೀಲಿ ಶಾಯಿ ಕೇಳಿದೆ.
ಇರಲಿಲ್ಲ.
ಕೆಂಪಿನಲ್ಲೇ ಎಳೆದೆ ಕಾಲುವೆಯನ್ನು,
ಕೈ ನಡುಗಿದಲ್ಲಿ ನಡುಗಿದ ಹಾಗೇ.